ಒಳಗೆ ಕಬ್ಬಿಣ ಹಿಡಿದವಳು

"ಬಾಗಲದಾಗಿನ ಆ ತಾಮ್ರದ ರಿವೆಟ್ಟು ಮುಟ್ಟಬ್ಯಾಡ, ಬೇಟಾ," ಎಂದಳು ಚಾಂದ್‌ಬೀ. "ಒಳಗಿರೂದಕ್ಕ ಮೈ ಇಲ್ಲ. ಹೊರಗ ಬಂದ್ರ ಮೊದಲು ನಿನ್ನವರ ರೂಪ ತಗೋತೈತಿ, ಆಮ್ಯಾಲ ಮೈ."

ನಾಸೀರ್ ನಕ್ಕುಬಿಟ್ಟ. ಲಿಂಗಸುಗೂರಿನ ಶೆಡ್ಡಿನಲ್ಲಿ ಬಸ್ ಬಾಡಿ ಕಟ್ಟುವ ಆಸಾಮಿ. ದೆವ್ವಕ್ಕಿಂತ ತುಕ್ಕಿಗೇ ಹೆಚ್ಚು ಹೆದರುವವನು. ವಳಕಮದಿನ್ನಿಯ ಕಾಲುವೆ ದಂಡೆಯಲ್ಲಿ, ಜಾಲಿಗಿಡಗಳ ನಡುವೆ, ಆ ಹಳೆಯ ಅಲ್ಯೂಮಿನಿಯಂ ಕ್ಯಾರವಾನ್ ಅರ್ಧ ಗಾಲಿ ಮಣ್ಣಲ್ಲಿ ಹೂತು ನಿಂತಿತ್ತು. ಕಾಲುವೆ ತೋಡುವ ಕಾಲಕ್ಕೆ ಯಾರೋ ಇಂಜಿನಿಯರು ಅದರಲ್ಲೇ ಸಂಸಾರ ಹೂಡಿದ್ದನಂತೆ. ಚಾಂದ್‌ಬೀಯ ಮಗ ನಬೀಸಾಬ್ ತಮ್ಮ ಗದ್ದೆಯಂಚಿಗೆ ಬಿದ್ದಿದ್ದ ಅದನ್ನು ಗುಜರಿಗೆ ಹಾಕುವ ಮೊದಲೇ ನಾಸೀರ್ ಕೊಂಡುಕೊಂಡ. ತಗಡುಗಳನ್ನು ಹಿಡಿದಿಟ್ಟಿದ್ದ ಸವೆದ ರಿವೆಟ್ಟುಗಳನ್ನು ಕೊರೆದು ತೆಗೆದು ಹೊಸವನ್ನು ಹೊಡೆದರೆ ಮಸ್ಕಿಯ ರಸ್ತೆ ಬದಿಗೆ ಚಹಾದಂಗಡಿ ಸಿದ್ಧ. ಅಂಗಡಿಗೆ ಬಳಿಯುವ ಬಣ್ಣವನ್ನು ಕೂಡ ಹೆಂಡತಿ ಶಾಹೀಸ್ತಾ ಆರಿಸಿಟ್ಟಿದ್ದಳು.

ಮುದುಕಿ ಸೆರಗಿನಿಂದ ಒಂದು ಗಂಟು ತೆಗೆದಳು. ಒಳಗೆ ಹಸಿರುಗಟ್ಟಿದ ತಾಮ್ರದ ರಿವೆಟ್ಟುಗಳು. "ಇಟ್ಕೋ. ಅದು ಕಣ್ಣಿಗೆ ಬಿದ್ದ ದಿನ, ಹೊತ್ತು ಮುಳುಗೂದರಾಗ ಬಾಗಲಾ ಹಾಕಿ ಇವನ್ನ ಹೊಡದುಬಿಡು."

"ರಿವೆಟ್ಟು ಒಬ್ಬರಿಂದ ಕೂಡೂದಿಲ್ಲಮ್ಮಾ," ಎಂದ ನಾಸೀರ್, ಇನ್ನೂ ನಗುತ್ತಲೇ. "ಹೊರಗ ಒಬ್ರು ಹೊಡೀಬೇಕು, ಒಳಗ ಒಬ್ರು ಕಬ್ಬಿಣ ಒತ್ತಿ ಹಿಡೀಬೇಕು. ಹಿಂದ ಈ ಬಾಗಲಾಕ್ಕ ತಾಮ್ರ ಹೊಡದು ಮುಚ್ಚುವಾಗ ಒಳಗ ಹಿಡಿದಾವ್ರು ಯಾರು? ನಿಮ್ಮ ದೆವ್ವನಾ?"

ಮುದುಕಿಯ ಮುಖ ಬಿಳಿಚಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಗದ್ದೆಯ ಬದು ಹಿಡಿದು ನಡೆದೇಬಿಟ್ಟಳು. ತಾನು ಕೇಳಿದ ಪ್ರಶ್ನೆಗೆ ಉತ್ತರ ಬೇಕೆಂದು ಅವನು ಒಂದು ಗಳಿಗೆ ಹಟ ಹಿಡಿದಿದ್ದರೂ ಸಾಕಿತ್ತು. ಹಿಡಿಯಲಿಲ್ಲ, ಪುಣ್ಯಾತ್ಮ. ಗಂಟನ್ನು ಸಾಮಾನಿನ ಡಬ್ಬಿಗೆ ಎಸೆದು ಡ್ರಿಲ್ ಎತ್ತಿಕೊಂಡ.

ತಾಮ್ರ ಕೊರೆದಾಗ ಸುಟ್ಟ ಕೂದಲಿನ ನಾತ ಎದ್ದಿತು. ಒಂದೊಂದು ರಿವೆಟ್ಟಿಗೂ ಉದ್ದನೆಯ ಕೂದಲೆಳೆ ಸುತ್ತಿತ್ತು. ಬಾಗಿಲು ನರಳುತ್ತ ತೆರೆದುಕೊಂಡಾಗ ಒಳಗಿನಿಂದ ಹಳಸಿದ ಅತ್ತರಿನ ವಾಸನೆ ಬೆರೆತ ತಣ್ಣನೆಯ ಉಸಿರೊಂದು ಮುಖಕ್ಕೆ ಬಡಿಯಿತು. ಒಳಗೆ ಏನೂ ಇರಲಿಲ್ಲ.

"ಈ ಕೂದಲು ಯಾರದ್ರೀ?" ಎಂದಳು ಜೊತೆಗೆ ಬಂದಿದ್ದ ಶಾಹೀಸ್ತಾ ಮೆಲ್ಲಗೆ.

"ಯಾವುದೋ ಕುರೀದು."

"ಕುರಿಗೆ ಇಷ್ಟುದ್ದ ಕೂದಲಾ?"

ಅವನು ಎಳೆಯನ್ನು ಕಾಲುವೆಗೆ ಎಸೆದ.

ಮರುದಿನದಿಂದ ಕೆಲಸ ಸಾಗಿತು. ಹೊರಗೆ ನಾಸೀರ್, ಸುತ್ತಿಗೆ. ಒಳಗೆ ಶಾಹೀಸ್ತಾ, ಅಂಗೈಯಗಲದ ಕಬ್ಬಿಣದ ತುಂಡು. ತಗಡಿನ ಗೂಡಿನಲ್ಲಿ ಆ ಸದ್ದಿಗೆ ತಲೆ ಸಿಡಿಯುತ್ತದೆಂದು ಅವಳು ಕಿವಿಗೆ ಹತ್ತಿ ತುರುಕಿ ಮೇಲೆ ದುಪಟ್ಟಾ ಬಿಗಿಯುತ್ತಿದ್ದಳು. ಹಾಗಾಗಿ ಮಾತೆಲ್ಲ ಬಡಿತದಲ್ಲೇ. ಒಳಗಿನಿಂದ ಒಂದು ಬಡಿತ ಬಂದರೆ ಸರಿಯಾಯಿತು, ಎರಡಾದರೆ ಇನ್ನೂ ಹೊಡಿ, ಮೂರಾದರೆ ತಪ್ಪಾಗಿದೆ, ತೆಗೆ. ಸಂಜೆ ಬೈಕಿನಲ್ಲಿ ಅವಳು ಸೊಂಟ ಹಿಡಿದು ಕೂತರೆ ಅಲ್ಯೂಮಿನಿಯಂ ಮಸಿ ಹತ್ತಿದ ಎರಡು ಅಂಗೈಗಳು ಅವನ ಅಂಗಿಯ ಮೇಲೆ ಅಚ್ಚಾಗುತ್ತಿದ್ದವು. ದಿನಾ ಬೈಯುತ್ತಿದ್ದ. ಒಳಗೊಳಗೇ ಅದು ಅವನಿಗೆ ಇಷ್ಟವಾಗಿತ್ತು.

ಕೊನೆಗೆ ಬಾಗಿಲ ಪಟ್ಟಿಯೊಂದು ಉಳಿಯಿತು. ಅಳತೆ ಕೂಡಲೆಂದು ಬಾಗಿಲು ಮುಚ್ಚಿದರು. ಶಾಹೀಸ್ತಾ ಒಳಗೆ ಟಾರ್ಚ್ ಹಚ್ಚಿಕೊಂಡು ಕೂತಳು. ಹೊತ್ತು ಇಳಿಯುತ್ತಿತ್ತು. ಭತ್ತದ ಗದ್ದೆಯ ಕಪ್ಪೆಗಳು ಒಮ್ಮೆಲೇ ಸುಮ್ಮನಾದವು.

"ಚಾ ತಂದೀನ್ರೀ."

ನಾಸೀರ್ ತಿರುಗಿದ. ಹಿಂದೆ ಶಾಹೀಸ್ತಾ ನಿಂತಿದ್ದಳು. ಅದೇ ದುಪಟ್ಟಾ. ಕೈಯಲ್ಲಿ ಲೋಟ.

"ನೀ... ಯಾವಾಗ ಹೊರಗ ಬಂದಿ?"

"ಆಗಲೇ ಬಂದೆ. ಕೂಗಿದೆ, ನಿಮಗ ಕೇಳಲಿಲ್ಲ."

ಟಕ್. ಬಾಗಿಲ ಒಳಗಿನಿಂದ ಒಂದು ಬಡಿತ.

ಅವಳ ಕಣ್ಣುಗಳು ಅಗಲವಾದವು. ಲೋಟ ಕೈಯಿಂದ ಜಾರಿತು. "ಒಳಗ ಯಾರದಾರ್ರೀ?"

ನಾಸೀರ್ ತಗಡಿನ ಹತ್ತಿರ ಸರಿದ. "ಶಾಹೀಸ್ತಾ," ಎಂದು ಬಾಗಿಲ ಕಡೆ ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಟಕ್, ಅಷ್ಟೇ. "ರೀ, ನನಗ ಅಂಜಿಕಿ ಆಗಾಕತ್ತೈತಿ," ಎಂದು ಹಿಂದಿನವಳು ಅಳತೊಡಗಿದಳು. ಸೂರ್ಯ ಜಾಲಿಗಿಡದ ಬುಡಕ್ಕೆ ಬಂದಿದ್ದ. ಚಾಂದ್‌ಬೀಯ ಮಾತು ತಲೆಯಲ್ಲಿ ಗುಂಯ್ಗುಟ್ಟಿತು. ಡಬ್ಬಿ ಬೋರಲು ಹಾಕಿದ. ಗಂಟು ಸಿಕ್ಕಿತು. ಹಳೆಯ ತೂತಿಗೆ ತಾಮ್ರ ಇಟ್ಟ. ಹೊಡೆದ. ಟಕ್. ಇನ್ನೊಂದು. ಹೊಡೆದ. ಟಕ್. ಹೊಡೆದ. ಎಲ್ಲವೂ ಗಟ್ಟಿಯಾಗಿ ಕೂತವು. ಸುತ್ತಿಗೆ ಎಸೆದು, ಅವಳನ್ನು ಬೈಕಿಗೆ ಹತ್ತಿಸಿಕೊಂಡು ಹಿಂತಿರುಗಿ ನೋಡದೆ ಹೊರಟ.

ಮಸ್ಕಿಯ ದಾರಿಯ ಪೆಟ್ರೋಲ್ ಬಂಕಿನ ಬೆಳಕಿನಲ್ಲಿ ಅವನಿಗೆ ಉಸಿರು ಮರಳಿತು. ಸೊಂಟ ಬಳಸಿದ ಅವಳ ಕೈಗಳನ್ನು ನೋಡಿದ. ತೊಳೆದಿಟ್ಟ ಹಾಗೆ ಸ್ವಚ್ಛ. ಅಂಗಿಯ ಮೇಲೆ ಒಂದು ಕರಿ ಗುರುತೂ ಇರಲಿಲ್ಲ.

ಬೆಳಗಿನಿಂದ ಕಬ್ಬಿಣ ಹಿಡಿದವಳ ಕೈ ಹೀಗಿರುವುದುಂಟೇ?

ಆಗ ಹೊಳೆಯಿತು. ರಿವೆಟ್ಟು ಗಟ್ಟಿಯಾಗಿ ಕೂತಿತ್ತು. ಕೂರಬೇಕಾದರೆ ಒಳಗೆ ಯಾರೋ ಹಿಡಿದಿರಲೇಬೇಕು. ತನ್ನನ್ನು ಕಟ್ಟಿಹಾಕುವ ರಿವೆಟ್ಟಿಗೆ ದೆವ್ವ ತಾನೇ ಕಬ್ಬಿಣ ಹಿಡಿಯುತ್ತದೆಯೇ? ಕಿವಿಗೆ ಹತ್ತಿ ತುರುಕಿಕೊಂಡು, ಗಂಡ ಹೊಡೆಯುತ್ತಿದ್ದಾನೆಂಬ ನಂಬಿಕೆಯಲ್ಲಿ, ತೂತಿನಲ್ಲಿ ಕಂಡ ಒಂದೊಂದು ತುದಿಗೂ ಅವಳು ಹಿಡಿದಿದ್ದಳು. ಅವನ ಶಾಹೀಸ್ತಾ.

ಬೈಕ್ ತಿರುಗಿಸಿದ. ಹಿಂದೆ ಕೂತದ್ದು ಸೊಂಟ ಬಳಸಿದ ಕೈ ಸಡಿಲಿಸಲಿಲ್ಲ.

ಕತ್ತಲಲ್ಲಿ ಚಾಂದ್‌ಬೀ ಕ್ಯಾರವಾನಿನ ತಗಡಿಗೆ ಕಿವಿ ಹಚ್ಚಿ ನಿಂತಿದ್ದಳು. ಟಕ್ ಟಕ್ ಟಕ್. ತಪ್ಪಾಗಿದೆ, ತೆಗೆ. ಟಕ್ ಟಕ್ ಟಕ್.

"ಒಳಗ ಹಿಡಿದಾವ್ರು ಯಾರಂತ ಕೇಳಿದ್ಯಲ್ಲ," ಎಂದಳು ಮುದುಕಿ ಬಿಕ್ಕುತ್ತ. "ನಮ್ಮ ಅಕ್ಕ ನಿಶಾತ್. ಹೊಡದಾವ ನಮ್ಮ ಅಬ್ಬಾ. ಹೊರಗಿದ್ದದ್ದನ್ನ ಮಗಳಂತ ನಂಬಿ ಅವನೂ ನಿನ್ನಂಗ ಮೋಸ ಹೋದ. ಇಷ್ಟು ದಿನ ಮೈ ಕಳಕೊಂಡು ಒಳಗಿದ್ದಾಕಿ ಆಕಿನ. ಬಾಯಿ ಬಿಟ್ಟು ಹೇಳಾಕ ನನಗ ನಾಚಿಕಿ ಆತು, ಬೇಟಾ."

ನಾಸೀರ್ ಡ್ರಿಲ್ ಒತ್ತಿದ. ಮತ್ತೆ ಕೂದಲಿನ ನಾತ. ಒಂದು ಹೋಯಿತು. ಇನ್ನೊಂದು. ಬಾಗಿಲು ಕಿತ್ತು ಬಂತು.

ಟಾರ್ಚ್ ಇನ್ನೂ ಉರಿಯುತ್ತಿತ್ತು. ನೆಲದ ಮೇಲೆ ಕಬ್ಬಿಣದ ತುಂಡು, ಎರಡು ಹತ್ತಿಯುಂಡೆ. ಶಾಹೀಸ್ತಾ ಇರಲಿಲ್ಲ. ಕಬ್ಬಿಣ ಮುಟ್ಟಿದ, ಇನ್ನೂ ಬೆಚ್ಚಗಿತ್ತು. ಅದನ್ನು ಎದೆಗೆ ಅವಚಿಕೊಂಡು ಅವಳ ಹೆಸರು ಹಿಡಿದು ಕೂಗಿದ.

ಬೈಕಿನ ಹಿಂದೆ ಕೂತಿದ್ದವಳು ಇಳಿದು ಬೆಳಕಿಗೆ ಬಂದಳು. ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಈಗ ಅವು ಮಸಿಯಿಂದ ಕಪ್ಪಾಗಿದ್ದವು. ನಾಸೀರನ ಕಡೆ ಅವಳು ನೋಡಲೇ ಇಲ್ಲ. ಮುದುಕಿಯ ಕೆನ್ನೆ ಸವರಿದಳು.

"ಚಾಂದೂ," ಎಂದಳು, "ಎಷ್ಟು ಮುದುಕಿ ಆಗೀಯಲ್ಲ ನೀ."

ಖಾಲಿ ಕ್ಯಾರವಾನಿನ ತಗಡಿನಿಂದ ಮತ್ತೆ ಮೂರು ಬಡಿತ ಕೇಳಿಸಿತು.