ಡಬ್ಬದೊಳಗೆ ಎರಡು ಸೂರ್ಯ

"ನಾನು ಮುಟ್ಟಿಲ್ಲ ಅಂತ ಮೂರು ಸಲ ಹೇಳಿದೀನಿ. ನಾಲ್ಕನೇ ಸಲ ಕೇಳಿದ್ರೆ ನೋಡಿ ಅತ್ತಿಗೆ, ಈ ಮನೆ ಮೆಟ್ಟಿಲು ಇಳಿದವಳು ಮತ್ತೆ ಹತ್ತಲ್ಲ!"

ಕೂಗುತ್ತಿದ್ದವಳು ಮೇಲಿನ ಮನೆಯ ಫೋಟೋ ಅಕ್ಕನ ನಾದಿನಿ. ಹೊಸಿಲಲ್ಲಿ ನಿಂತಿದ್ದವರು ಸರ್ವೆ ಅಮ್ಮ ಮತ್ತು ನಾನು. ಸರ್ವೆ ಅಮ್ಮ ಮೂವತ್ತು ವರ್ಷ ಸರಪಳಿ ಹಿಡಿದು ನೆಲ ಅಳೆದು ನಿವೃತ್ತರಾದವರು. ನಮ್ಮ ಕಟ್ಟಡದಲ್ಲಿ ಕಳೆದ ಬೀಗದ ಕೈಯಿಂದ ಹಿಡಿದು ಕಾಣೆಯಾದ ಬೆಕ್ಕಿನವರೆಗೆ ಪತ್ತೆಯ ಕೆಲಸವೆಲ್ಲ ಅವರದೇ. ನಾನು ಕೆಳಗಿನ ಅಂಗಡಿಯ ದರ್ಜಿ. ಅವರಿಗೆ ಮಂಡಿನೋವು, ನನಗೆ ಬಾಯಿಚಪಲ. ಹಾಗಾಗಿ ಅವರು ಯೋಚಿಸುತ್ತಿದ್ದರು, ನಾನು ಓಡಾಡಿ ಜನರನ್ನು ಮಾತಾಡಿಸುತ್ತಿದ್ದೆ.

ಫೋಟೋ ಅಕ್ಕ ಹೊಟ್ಟೆಪಾಡಿಗೆ ಜನರ ಪಾಸ್‌ಪೋರ್ಟ್ ಮುಖಗಳನ್ನು ತೆಗೆಯುತ್ತಿದ್ದಳು. ತನಗೆಂದು ತೆಗೆಯುತ್ತಿದ್ದದ್ದು ಬೇರೆ. ಹಳೆಯ ತಗಡಿನ ಡಬ್ಬಕ್ಕೆ ಸೂಜಿಮೊನೆಯಷ್ಟು ತೂತು, ಒಳಗೆ ಬೆಳಕು ಕುಡಿಯುವ ಕಾಗದ. ಡಬ್ಬವನ್ನು ತಾರಸಿಯ ಕೊಳವೆಗೆ ಪೂರ್ವಕ್ಕೆ ಮುಖಮಾಡಿ ಕಟ್ಟಿ ಆರು ತಿಂಗಳು ಬಿಟ್ಟರೆ, ಸೂರ್ಯ ದಿನಕ್ಕೊಂದು ಗೆರೆ ಎಳೆಯುತ್ತಾ ಹೋಗುತ್ತಾನೆ. ನಡುವೆ ಓಡಾಡಿದ ಮನುಷ್ಯರು, ಹಾರಿದ ಹಕ್ಕಿಗಳು ಯಾರೂ ಅದರಲ್ಲಿ ಬೀಳುವುದಿಲ್ಲ. ಅಲುಗದೆ ಇದ್ದದ್ದು ಮಾತ್ರ ಉಳಿಯುತ್ತದೆ. ಆ ಚಿತ್ರ ಮರುದಿನವೇ ಪ್ರದರ್ಶನಕ್ಕೆ ಹೋಗಬೇಕಿತ್ತು. ಐವತ್ತೆಂಟನೇ ವಯಸ್ಸಿಗೆ ಅವಳ ಮೊದಲ ಪ್ರದರ್ಶನ.

ಬೆಳಿಗ್ಗೆ ಡಬ್ಬ ತೆರೆದು ನೋಡಿದರೆ ಚಿತ್ರದೊಳಗೆ ಇನ್ನೊಂದು ಚಿತ್ರ.

"ಯಾರೋ ಡಬ್ಬ ಬಿಚ್ಚಿ ಬೇರೆಲ್ಲೋ ಇಟ್ಟಿದಾರೆ ಅಮ್ಮ," ಎಂದಳು ಫೋಟೋ ಅಕ್ಕ. "ತಾರಸಿಗೆ ಹೋಗೋರು ಮೂರೇ ಜನ. ಬಟ್ಟೆ ಒಣಗಿಸೋಕೆ ಇವಳು, ಕಸರತ್ತಿಗೆ ಡ್ರಿಲ್ ಮೇಷ್ಟ್ರು, ತಿಂಗಳಿಗೊಂದು ಸಲ ಟ್ಯಾಂಕ್ ತೊಳೆಯೋನು. ಡಬ್ಬ ಗುಜರಿಗೆ ಹಾಕ್ತೀನಿ ಅಂತ ಅಂದಿದ್ದೋಳು ಇವಳೊಬ್ಬಳೇ."

"ತಮಾಷೆಗೆ ಅಂದಿದ್ದು! ಇಪ್ಪತ್ತು ವರ್ಷದಿಂದ ನಿಮ್ಮ ಡಬ್ಬಗಳ ಮಧ್ಯೆನೇ ಮಲಗ್ತಿದೀನಲ್ಲ, ಒಂದಾದ್ರೂ ಹಾಕಿದೀನಾ?" ನಾದಿನಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಣ್ಣ ಸತ್ತ ಮೇಲೂ ಅತ್ತಿಗೆಯನ್ನು ಬಿಡದೆ ಉಳಿದ ಹೆಂಗಸು ಅವಳು. ಈ ಅನುಮಾನ ಉಳಿದರೆ ಆ ಮನೆ ಎರಡಾಗುವುದು ಖಂಡಿತವಾಗಿತ್ತು.

ಸರ್ವೆ ಅಮ್ಮ ಪರದೆ ಎಳೆಸಿ, ಮಬ್ಬು ಬೆಳಕಲ್ಲಿ ಚಿತ್ರವನ್ನು ಭೂತಗನ್ನಡಿಯಲ್ಲಿ ಅರ್ಧ ಗಂಟೆ ನೋಡಿದರು. ಕೆಳಗಿನಿಂದ ಬಲಕ್ಕೆ ಏರುವ ಉದ್ದುದ್ದ ಗೆರೆಗಳು. ಅವುಗಳ ನಡುವೆ ಒಂದು ಖಾಲಿ ಪಟ್ಟಿ. ಇನ್ನೊಂದೆಡೆ ಬಲಕ್ಕೆ ಇಳಿಯುವ ತುಂಡು ಗೆರೆಗಳು. ಅವನ್ನು ನೆಟ್ಟಗೆ ನಿಂತ ಸರಳುಗಳು ಕತ್ತರಿಸಿದ್ದವು. ಕೆಳಗಡೆ ಗುಡ್ಡದಂಥ ಒಂದು ನೆರಳು.

"ದರ್ಜಿ, ಕಟ್ಟಡದ ಎಲ್ಲ ಕಿಟಕಿ ನೋಡ್ಕೊಂಡು ಬಾ. ಯಾವ ದಿಕ್ಕು, ಎಂಥ ಸರಳು, ಅಷ್ಟೇ."

ನೋಡಿಬಂದೆ. ಫೋಟೋ ಅಕ್ಕನ ಮನೆಯ ಕಿಟಕಿಗಳೆಲ್ಲ ಪೂರ್ವಕ್ಕೆ. ಪಶ್ಚಿಮಕ್ಕೆ ಇದ್ದದ್ದು ಎರಡೇ ಮನೆ. ಒಂದರ ಕಿಟಕಿಗೆ ಅಡ್ಡ ಸರಳು, ಇನ್ನೊಂದಕ್ಕೆ ನೆಟ್ಟನೆಯವು.

"ಅಡ್ಡ ಸರಳಿನ ಮನೆ ನಿಮ್ಮದೇ ಅಮ್ಮ. ಸದ್ಯ, ಬಚಾವಾದ್ರಿ," ಎಂದೆ.

"ಹಲ್ಲು ಕಿರಿಯಬೇಡ. ನಾಲ್ಕು ಗಂಟೆಗೆ ಎಲ್ಲರನ್ನೂ ಆ ಇನ್ನೊಂದು ಮನೆಗೆ ಕರಿ."

ಆ ಮನೆ ಡ್ರಿಲ್ ಮೇಷ್ಟ್ರದು. ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಮಂಚ ಇನ್ನೂ ಕಿಟಕಿಯ ಪಕ್ಕದಲ್ಲೇ ಇತ್ತು, ಹಾಸಿಗೆ ಮಡಿಸಿತ್ತು. ಮೇಷ್ಟ್ರು ನಮಗೆಲ್ಲ ಕುರ್ಚಿ ಹಾಕಿ ತಾವು ಮಾತ್ರ ನಿಂತೇ ಇದ್ದರು.

ಸರ್ವೆ ಅಮ್ಮ ಶುರುಮಾಡಿದರು. "ಪೂರ್ವಕ್ಕೆ ನೋಡೋ ಡಬ್ಬಕ್ಕೆ ಸೂರ್ಯ ಬಲಕ್ಕೆ ಏರ್ತಾ ಕಾಣ್ತಾನೆ. ಬಲಕ್ಕೆ ಇಳಿದಿದಾನೆ ಅಂದ್ರೆ ಡಬ್ಬ ಪಶ್ಚಿಮಕ್ಕೆ ತಿರುಗಿತ್ತು. ಗೆರೆ ತುಂಡಾಗಿವೆ, ಸರಳು ಬಿದ್ದಿವೆ. ಹಾಗಾದ್ರೆ ಒಂದು ಕೋಣೆಯೊಳಗಿಂದ ಕಿಟಕಿ ನೋಡ್ತಿತ್ತು. ನಾದಿನಿ ಇರೋ ಮನೇಲಿ ಪಶ್ಚಿಮದ ಕಿಟಕಿಯೇ ಇಲ್ಲ."

ನಾದಿನಿ ಅತ್ತಿಗೆಯನ್ನು ನೋಡಿದಳು. ಅತ್ತಿಗೆ ನೆಲ ನೋಡಿದಳು.

"ಟ್ಯಾಂಕಿನವನೂ ಅಲ್ಲ, ಅವನು ಬರೋದು ತಿಂಗಳಿಗೊಂದೇ ಸಲ. ತಾರಸಿಯ ಗೆರೆಗಳಲ್ಲಿ ಖಾಲಿ ಪಟ್ಟಿ ಅಳೆದೆ, ಇಪ್ಪತ್ತೆರಡು ದಿನದಷ್ಟಿದೆ. ಕೋಣೆಯೊಳಗಿನ ಗೆರೆ ಹತ್ತೊಂಬತ್ತು. ಮೂರು ದಿನ ಮೋಡ ಇದ್ದಿರಬೇಕು. ಅಷ್ಟು ದಿನ ಡಬ್ಬ ಕದಲಿಲ್ಲ. ಯಾರೋ ಜೋಪಾನ ಮಾಡಿದಾರೆ. ಕಟ್ಟಿದ ದಿನದಿಂದ ಎಣಿಸಿದ್ರೆ ಅದು ನಾಲ್ಕನೇ ತಿಂಗಳು." ಅವರ ಧ್ವನಿ ತಗ್ಗಿತು. "ಈ ಮನೇಲಿ ಒಬ್ಬರು ಹಾಸಿಗೆ ಹಿಡಿದಿದ್ದ ತಿಂಗಳು. ಮೇಷ್ಟ್ರೇ, ಎದುರು ಗೋಡೆಯ ಆ ಗೂಡಲ್ಲಿ ಡಬ್ಬ ಇಟ್ರೆ ಕಿಟಕಿ ಬೀಳುತ್ತೆ. ಕಿಟಕಿ ಮುಂದೆ ಮಂಚವೂ ಬೀಳುತ್ತೆ. ಆ ಗುಡ್ಡ ಗುಡ್ಡವಲ್ಲ, ಅಲ್ವಾ?"

ಮೇಷ್ಟ್ರು ಮಡಿಸಿದ ಹಾಸಿಗೆಯ ಮೇಲೆ ಕೈಯಿಟ್ಟರು.

"ಕದಿಯೋಕೆ ಹೇಳಿದ್ದು ಅವಳೇ," ಎಂದರು. "ಜನ್ಮದಲ್ಲಿ ಕ್ಯಾಮೆರಾ ಮುಂದೆ ನಿಂತೋಳಲ್ಲ. ಮದುವೆ ಫೋಟೋದಲ್ಲೂ ಮುಖ ತಿರುಗಿಸಿದಾಳೆ. ಒಂದಿನ ಅಂದ್ಲು, 'ಆ ಡಬ್ಬ ತನ್ನಿ. ಅಲುಗದೋರು ಮಾತ್ರ ಅದ್ರಲ್ಲಿ ಬೀಳ್ತಾರಂತೆ. ಈಗ ನನಗಿಂತ ಗಟ್ಟಿ ಯಾರಿದಾರೆ?' ಅಂತ. ತೂತಿಗೆ ಹೆಬ್ಬೆರಳು ಒತ್ತಿ ತಂದೆ, ಹಾಗೇ ವಾಪಸ್ ಕಟ್ಟಿದೆ. ನಿಮ್ಮನ್ನ ಕೇಳೋಕೆ ಮುಜುಗರ ಆಯ್ತು ಅಕ್ಕ."

"ಆಮೇಲಾದ್ರೂ ಹೇಳಬಹುದಿತ್ತಲ್ಲ ಮೇಷ್ಟ್ರೇ?" ಎಂದಳು ಫೋಟೋ ಅಕ್ಕ.

"ತೆರೆದು ನೋಡಿ, ಅವಳು ಇಲ್ಲದಿದ್ರೆ? ಡಬ್ಬ ಮುಚ್ಚಿದ್ದಷ್ಟು ದಿನ ಇದಾಳೆ ಅಂತಾದ್ರೂ ಅಂದ್ಕೊಂಡಿದ್ದೆ."

ನಾನು ಅಂಗಿಯ ತೋಳಿನಲ್ಲಿ ಮೂಗೊರೆಸಿಕೊಂಡೆ. ಫೋಟೋ ಅಕ್ಕ ಎದ್ದು ನಾದಿನಿಯ ಮುಂದೆ ನಿಂತಳು. "ನನ್ನ ಬಾಯಿಗಿಷ್ಟು ಬೆಂಕಿ ಹಾಕ. ತಪ್ಪಾಯ್ತು ಕಣೇ."

"ಬೆಂಕಿ ಬೇಡ, ಬಾಯಿ ಸುಟ್ರೆ ಗಂಜಿ ಕಾಯಿಸೋಳು ನಾನೇ," ಎಂದು ನಾದಿನಿ ಅತ್ತಿಗೆಯ ಕೈ ಹಿಡಿದುಕೊಂಡಳು. "ಮೊದಲು ಅವರಿಗೆ ತೋರಿಸಿ ಅತ್ತಿಗೆ."

ಫೋಟೋ ಅಕ್ಕ ಕಪ್ಪು ಲಕೋಟೆಯಿಂದ ಕಾಗದ ತೆಗೆದು ಮೇಜಿನ ಮೇಲೆ ಹರಡಿದಳು. ದಿಂಬು, ಹಣೆಯ ಏರು, ಮೂಗು, ಗಲ್ಲ. ಅದರ ಮೇಲೆ ಹತ್ತೊಂಬತ್ತು ಸಂಜೆಗಳು ಇಳಿದಿದ್ದವು. ತಾರಸಿಯ ಬೆಳಗುಗಳೆಲ್ಲ ಅದೇ ಹಣೆಯಿಂದ ಹುಟ್ಟಿ ಏರುವಂತೆ ಕಾಣುತ್ತಿದ್ದವು. ಹಾಳಾಯಿತೆಂದು ಬೆಳಿಗ್ಗೆ ಅತ್ತಿದ್ದ ಅಕ್ಕ ಈಗ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

"ಮೂಗು ಅವಳದೇ," ಎಂದರು ಮೇಷ್ಟ್ರು. "ನಾನು ಎಲ್ಲೂ ಇಲ್ಲವಲ್ಲ? ಇಡೀ ದಿನ ಪಕ್ಕದಲ್ಲೇ ಇದ್ನಲ್ಲ ಅಕ್ಕ."

"ನೀವು ನೀರು ತರೋದು, ದಿಂಬು ಸರಿ ಮಾಡೋದು ಅಂತ ಓಡಾಡ್ತಿದ್ರಿ ಮೇಷ್ಟ್ರೇ. ಅದಕ್ಕೇ ಇಲ್ಲ. ಇದನ್ನ ಪ್ರದರ್ಶನಕ್ಕೆ ಕಳಿಸ್ಲಾ? ಬೇಡ ಅಂದ್ರೆ ಖಂಡಿತ ಇಲ್ಲ, ಇದು ನಿಮ್ಮದೇ."

ಮೇಷ್ಟ್ರು ಕಾಗದದ ಕಡೆ ಬಾಗಿದರು. "ಕಳಿಸಿ. ಜನ ನೋಡಿದ್ರೂ ಈಗ ಮುಖ ತಿರುಗಿಸಲ್ಲ ಅವಳು."

"ಅಯ್ಯೋ, ಬಿಸಿಲು!" ಎಂದಳು ಫೋಟೋ ಅಕ್ಕ. "ಪ್ರತಿ ತೆಗೆಯೋ ಮೊದಲೇ ಈ ಕಾಗದಕ್ಕೆ ಬಿಸಿಲು ತಗಲಿದ್ರೆ ಎಲ್ಲ ಕಪ್ಪಾಗುತ್ತೆ."

ಇಳಿಬಿಸಿಲು ಸರಳುಗಳ ನಡುವಿನಿಂದ ನುಗ್ಗಿ ಮೇಜಿನ ಅಂಚಿಗೆ ಬಂದಿತ್ತು. ಅಕ್ಕ ಲಕೋಟೆಗೆ ಕೈಹಾಕುವುದರೊಳಗೆ ಮೇಷ್ಟ್ರು ಹೋಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತರು. ಅವರ ನೆರಳು ಕಾಗದವನ್ನು ಪೂರ್ತಿ ಮುಚ್ಚಿತು. ಯಾರೂ ಅವಸರ ಮಾಡಲಿಲ್ಲ. ಮೇಷ್ಟ್ರು ಅಲುಗಲಿಲ್ಲ.