ಬೈರಮ್ಮನ ಎದೆಯ ನೀರು

೧೯೯೭ರಲ್ಲಿ ನಾನು ಮುಳಬಾಗಿಲಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದೆ. ಒಂದು ದಿನ ಬೆಳಿಗ್ಗೆ ಯಲ್ದೂರಿನ ಬೈರಮ್ಮ ಕೆಮ್ಮು ಎಂದು ಬಂದರು. ಅವರ ಎದೆಯ ಫಿಲಂ ತೊಳೆದು ದೀಪದ ಪೆಟ್ಟಿಗೆಗೆ ಸಿಕ್ಕಿಸಿದೆ. ಬಲಗಡೆಯ ಶ್ವಾಸಕೋಶ ಅರ್ಧದವರೆಗೂ ಬೆಳ್ಳಗಿತ್ತು. ಡಾಕ್ಟರ್ ಸುಮಧ್ವ ಹತ್ತಿರ ಬಗ್ಗಿ ನೋಡಿದರು.

"ಬರೀ ನೀರಾದ್ರೆ ಅಂಚು ಬಾಗಿರುತ್ತೆ, ನಾಗಮಣಿ. ಇದು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ. ನೀರಿನ ಮೇಲೆ ಗಾಳಿನೂ ಸೇರಿದೆ. ಈಯಮ್ಮ ಹೇಗೆ ನಡ್ಕೊಂಡು ಬಂದ್ರು?"

ಬೈರಮ್ಮ ಬೆಂಚಿನ ಮೇಲೆ ಆರಾಮಾಗಿ ಕೂತಿದ್ದರು. ಇನ್ನೊಂದು ಫಿಲಂ ತೆಗೆಯಲು ಭುಜ ಹಿಡಿದು ನಿಲ್ಲಿಸಿದೆ. ಮೈ ಬಾವಿಯ ಕಲ್ಲಿನಂತೆ ತಣ್ಣಗಿತ್ತು.

"ತುಂಬ್ತಾ ಐತೆ ಕಣಮ್ಮ, ಕೇಳಿಸ್ತಾ ಇಲ್ವಾ?" ಎಂದರು.

ನಿಜವಾಗಿಯೂ ಕೇಳಿಸಿತು, ಬಿಂದಿಗೆ ತುಂಬುವ ಸದ್ದು.

ಎರಡನೆಯ ಫಿಲಂನಲ್ಲಿ ಗೆರೆ ಎರಡು ಪಕ್ಕೆಲುಬಿನಷ್ಟು ಮೇಲೇರಿತ್ತು. ಡಾಕ್ಟರ್ ಗಾಬರಿಯಾಗಿ ಬೆನ್ನಿಗೆ ಸೂಜಿ ಚುಚ್ಚಿದರು. ಒಂದು ಹನಿಯೂ ಬರಲಿಲ್ಲ. ತಕ್ಷಣ ಕೋಲಾರಕ್ಕೆ ಕಳಿಸಿದೆವು. ಅಲ್ಲಿ ತೆಗೆದ ಫಿಲಂನಲ್ಲಿ ಏನೂ ಇಲ್ಲ ಎಂದು ಸಂಜೆ ಫೋನ್ ಬಂತು.

"ಹಾಗಾದ್ರೆ ನಮ್ಮ ಮೆಷಿನ್ನೇ ಕೆಟ್ಟಿರ್ಬೇಕು. ನೀವು ನಿಂತ್ಕೊಳ್ಳಿ, ನೋಡೋಣ," ಎಂದರು ಡಾಕ್ಟರ್.

ನಿಂತೆ. ಅವರೇ ಗುಂಡಿ ಒತ್ತಿದರು. ನನ್ನ ಫಿಲಂನಲ್ಲಿ ಬಲಗಡೆ, ತೀರ ಕೆಳಗೆ, ಒಂದು ಬೆರಳಿನಷ್ಟು ಬಿಳುಪಿತ್ತು. ಅದರ ಮೇಲೆ ನೇರವಾದ ಗೆರೆ.

"ಇನ್ನೊಂದು ತೆಗೆಯೋಣ," ಎಂದು ಅವರು ಹೇಳುವಷ್ಟರಲ್ಲಿ ನಾನು ಬಾಗಿಲು ದಾಟಿದ್ದೆ. ಬೈರಮ್ಮನಿಗೆ ಮುಂದೆ ಏನೂ ಆಗಲಿಲ್ಲ. ನನಗೂ ಇಂದಿನವರೆಗೆ ಕೆಮ್ಮಿಲ್ಲ, ನೋವಿಲ್ಲ. ಆದರೆ ಎದೆಯ ಎಕ್ಸ್‌ರೇ ತೆಗೆಸಿಕೊಳ್ಳುವ ಧೈರ್ಯ ಮತ್ತೆ ಬಂದಿಲ್ಲ.