ಫೋಟೋ ಕೆಳಗಿನ ಹೆಸರು

"ರೀ, ಸರ್ವರ್ ನೋಡ್ಕೊಳ್ಳೋರು ನೀವೇನಾ?"

ಬಾಗಿಲು ಗೋಡೆಗೆ ಬಡಿಯಿತು. ಕಪ್ಪು ಪರದೆಯ ಮುಂದೆ ಕೂತಿದ್ದವನು ಬೆಚ್ಚಿ ತಿರುಗಿದ. ಇಷ್ಟು ದಿನ ಇಬ್ಬರ ನಡುವೆ ಇದ್ದದ್ದು ಬರೀ ಇಮೇಲ್. ಮುಖ ನೋಡಿದ್ದು ಇದೇ ಮೊದಲು. ಆ ಮೊದಲ ನೋಟದಲ್ಲೇ ಅವಳ ಕಣ್ಣು ಕೆಂಡ ಕಾರುತ್ತಿತ್ತು!

"ಹೌದು... ತಾವು?"

"ಫೋಟೋ ವಿಭಾಗದವಳು. ಮೂರು ವರ್ಷ ಕತ್ತೆ ಥರ ದುಡಿದವಳು! ನಮ್ಮ ವೆಬ್‌ಸೈಟ್ ತೆಗೆದು ನೋಡಿ. ಒಂದೊಂದು ಫೋಟೋ ಕೆಳಗೂ 'ಸೇರಿಸಿದವರು' ಅಂತ ನಿಮ್ಮ ಹೆಸರಿದೆ. ಏನ್ರೀ ನೀವು ಸೇರಿಸಿದ್ದು?"

ಅವಳ ಸಿಟ್ಟಿನಲ್ಲಿ ನ್ಯಾಯವಿತ್ತು. ಸಂಗ್ರಹಾಲಯಕ್ಕೆ ಬಂದ ಹಳೆಯ ನೂಲಿನ ಗಿರಣಿಯ ಫೋಟೋಗಳಲ್ಲಿ ಕುರ್ಚಿಯ ಮೇಲೆ ಕೂತ ಮಾಲೀಕರಿಗೆಲ್ಲ ಹೆಸರಿತ್ತು. ಹಿಂದೆ ನಿಂತ ಕೂಲಿ ಹೆಂಗಸರಿಗೆ ಇರಲಿಲ್ಲ. ಅವರ ಮೊಮ್ಮಕ್ಕಳ ಮನೆ ಹುಡುಕಿ, ಬಾಗಿಲು ತಟ್ಟಿ, ಒಬ್ಬೊಬ್ಬರ ಹೆಸರನ್ನೂ ಕೇಳಿ ತಂದು ವಿವರಣೆ ಬರೆದವಳು ಇವಳು. ಅದನ್ನೆಲ್ಲ ಜನ ನೋಡಲಿ ಅಂತ ಅವನು ಲಿನಕ್ಸ್ ಸರ್ವರ್ ಮೇಲೆ ಫೋಟೋ ತೋರಿಸುವ ಒಂದು ಮುಕ್ತ ತಂತ್ರಾಂಶ ಕೂರಿಸಿ, ಅವಳು ಕಳಿಸಿದ್ದನ್ನೆಲ್ಲ ಒಟ್ಟಿಗೆ ಅದರೊಳಗೆ ಹಾಕಿದ್ದ.

"ಓ, ಅದಾ?" ಅವನು ನಿರಾಳನಾದ. "ನನ್ನ ಲಾಗಿನ್‌ನಿಂದ ಹಾಕಿದ್ದಕ್ಕೆ ಹಾಗೆ ಬಂದಿದೆ ಮೇಡಂ. ಡೇಟಾಬೇಸ್‌ನಲ್ಲಿ ಅದೊಂದು ಕಾಲಂ, ಅಷ್ಟೇ."

ಅಷ್ಟೇ!

ಅವಳ ಪಿತ್ತ ನೆತ್ತಿಗೇರಿತು. "ಆ ಹೆಂಗಸರ ಹೆಸರು ಬರೆಯದೆ ಬಿಟ್ಟರಲ್ಲ, ಅವರೂ ಹೀಗೇ ಅಂದಿರ್ತಾರೆ. ಅಷ್ಟೇ ಅಂತ!"

ಅವನ ಮುಖ ಸಪ್ಪಗಾಯಿತು.

"ತಪ್ಪು ನಂದೇ ಮೇಡಂ. ಸರಿಮಾಡ್ತೀನಿ."

ಆದರೆ ಮಾಡಿದ್ದೇನು? ದಿನಕ್ಕೆ ಹತ್ತೋ ಹನ್ನೆರಡೋ ಫೋಟೋಗಳಲ್ಲಿ ಮಾತ್ರ ಹೆಸರು ಬದಲಾಗುತ್ತಿತ್ತು. ಪಾಪ, ದೊಡ್ಡ ಕೆಲಸವೇನೋ ಅಂತ ಅವಳು ಹಲ್ಲುಕಚ್ಚಿ ಸುಮ್ಮನಿದ್ದಳು. ಒಂದು ಸಂಜೆ, ತಾನೂ ಕಂಪ್ಯೂಟರ್ ಕೆಲಸದಲ್ಲಿದ್ದ ಅಕ್ಕ ವಿಷಯ ಕೇಳಿ ಬಿದ್ದುಬಿದ್ದು ನಕ್ಕಳು.

"ಅಯ್ಯೋ ಪೆದ್ದಿ! ಅದು ಒಂದೇ ಸಾಲಿನ ಕಮಾಂಡ್ ಕಣೇ. ಒಂದು ಸಲ ಎಂಟರ್ ಒತ್ತಿದ್ರೆ ಎಲ್ಲಾ ಹೆಸರೂ ಬದಲಾಗುತ್ತೆ. ಅವನು ಬೇಕಂತಲೇ ಎಳೀತಿದ್ದಾನೆ!"

ಮರುದಿನದ ಸಭೆಯಲ್ಲಿ ನಿರ್ದೇಶಕರು ಉರಿಯುವ ಬೆಂಕಿಗೆ ತುಪ್ಪ ಸುರಿದರು. "ನಾಳೆ ವೆಬ್‌ಸೈಟ್ ಅಧಿಕೃತ ಉದ್ಘಾಟನೆ. ಈ ಸಂಗ್ರಹ ಕಟ್ಟಿದ ನಮ್ಮ ಸರ್ವರ್ ಹುಡುಗನಿಗೆ ವೇದಿಕೆ ಮೇಲೆ ಸನ್ಮಾನ!"

*ಓಹೋ... ಇದಕ್ಕೇ ಎಳೆದದ್ದು!*

ಅವನ ಕೋಣೆಯ ಮೆಟ್ಟಿಲು ಹತ್ತಿದ್ದೇ ಅವಳಿಗೆ ಗೊತ್ತಾಗಲಿಲ್ಲ.

"ಸನ್ಮಾನ ಮಾಡಿಸ್ಕೊಳ್ಳೋಕೆ ಹೊಸ ಶರ್ಟ್ ತಂದ್ರಾ?"

"ಸನ್ಮಾನಾನಾ? ನನಗಾ? ಯಾರೂ ಹೇಳಲೇ ಇಲ್ವಲ್ಲ!"

"ನಾಟಕ ಬೇಡ. ಒಂದು ಸಾಲಿನ ಕೆಲಸಕ್ಕೆ ಇಷ್ಟು ದಿನ ಯಾಕೆ?"

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಗಿರಣಿಯ ಅಂಗಳದಲ್ಲಿ ಸಾಲಾಗಿ ನಿಂತ ಹೆಂಗಸರು. ಕೆಳಗೆ ಅವಳದೇ ಮಾತು. ಅವನು ಮೆಲ್ಲಗೆ ಓದಿದ.

"'ಎಡದಿಂದ ಮೂರನೆಯವರು ಕ್ಯಾಮೆರಾ ಕಡೆ ನೋಡುತ್ತಿಲ್ಲ. ಪಾಳಿ ಮುಗಿದ ಮೇಲೂ ನಿಲ್ಲಿಸಿದ್ದಕ್ಕೆ ಸಿಟ್ಟು ಬಂದಿತ್ತಂತೆ. ಬರಬೇಕಾದ್ದೇ.'"

ಅವಳು ಪರದೆಯತ್ತ ಬಾಗಿದಳು.

"ನೀವು ಬೈದು ಹೋದ ದಿನವೇ ಆ ಸಾಲು ಟೈಪ್ ಮಾಡಿದ್ದೆ ಮೇಡಂ. ಎಂಟರ್ ಒತ್ತೋ ಮುಂಚೆ ಇದು ಕಣ್ಣಿಗೆ ಬಿತ್ತು. ಆ 'ಬರಬೇಕಾದ್ದೇ' ಓದಿ ನಕ್ಕುಬಿಟ್ಟೆ. ಮುಂದಿನದ್ದು ಓದಿದಾಗ ಕಣ್ಣಲ್ಲಿ ನೀರು ಬಂತು. ಓದದೇ ಹೆಸರು ಬದಲಾಯಿಸಿದ್ರೆ ಮತ್ತೆ ಬರೀ ಕಾಲಂ ಅಂದ ಹಾಗೇ ಅನ್ನಿಸ್ತು. ಅದಕ್ಕೇ ಒಂದೊಂದೇ ಓದಿ, ಕೈಯಲ್ಲೇ ಬದಲಾಯಿಸ್ತಿದ್ದೆ. ಆಮೇಲೆ..."

"ಆಮೇಲೆ?"

"ಮುಗಿದುಹೋದ್ರೆ ನಿಮ್ಮ ಮಾತು ಕೇಳೋದು ನಿಂತುಹೋಗುತ್ತಲ್ಲ ಅಂತ ಹೆದರಿಕೆ ಆಯ್ತು."

ಮೂರು ವರ್ಷದಲ್ಲಿ ತಾನು ಬರೆದದ್ದನ್ನು ಓದಿದವರು ಯಾರಿದ್ದರು? ನಿರ್ದೇಶಕರೂ ಓದಿರಲಿಲ್ಲ! ಮನಸ್ಸು ಕರಗಿತು ಅಂತ ಗೊತ್ತಾದದ್ದೇ ತಡ, ಅದಕ್ಕೂ ಸಿಟ್ಟು ಬಂತು.

"ಓದಿದ್ದು ಸಂತೋಷ. ಹೇಳೋಕೆ ಬಾಯಿರಲಿಲ್ವಾ? ನಾನು ದಿನಾ ಒಳಗೊಳಗೇ ಬೇಯ್ತಾ ಇದ್ದೆ! ನಿಮಗೆ ಓದೋ ಸುಖ, ನನಗೆ ಉರಿ. ಇದ್ಯಾವ ನ್ಯಾಯ?"

"ನ್ಯಾಯ ಅಲ್ಲ. ಕ್ಷಮಿಸಿ."

"ಆ ಸಾಲು ಈಗಲೇ ಬರೀರಿ."

ಅವನು ಬರೆದ. ಎಂಟರ್ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಉಳಿದ ಫೋಟೋಗಳೆಲ್ಲ ಅವಳ ಹೆಸರಿಗೆ ಬಂದವು.

"ನಿರ್ದೇಶಕರಿಗೆ ಫೋನ್ ಮಾಡಿ. ಸ್ಪೀಕರ್ ಹಾಕಿ."

ಅವನು ಅದನ್ನೂ ಮಾಡಿದ. "ಸರ್, ನಾನು ಮಾಡಿದ್ದು ತಂತ್ರಾಂಶ ಕೂರಿಸೋ ಕೆಲಸ ಮಾತ್ರ. ಸಂಗ್ರಹ ಕಟ್ಟಿದ್ದು ಫೋಟೋ ವಿಭಾಗದ ಮೇಡಂ. ನಾಳೆ ಅವರನ್ನು ಕರೆಯದೇ ಇದ್ರೆ ನಾನೇ ಮೈಕ್ ಹಿಡಿದು ಹೇಳ್ತೀನಿ!"

ಅತ್ತಲಿಂದ ತಡವರಿಸುವ ದನಿ. "ಹಾಗಾ... ಛೆ, ಸರಿ ಸರಿ. ಅವರನ್ನೇ ಕರೆಯೋಣ."

ಫೋನ್ ಇಟ್ಟ ಮೇಲೆ ಅವಳು ಕುರ್ಚಿ ಎಳೆದು ಅವನ ಪಕ್ಕ ಕೂತಳು.

"ಇನ್ನೂ ಸಿಟ್ಟಿದೆಯಾ?" ಅವನು ಕೇಳಿದ.

"ಇದೆ."

"ಆದ್ರೂ ಹೇಳಿಬಿಡ್ತೀನಿ. ನೀವಂದ್ರೆ ನನಗೆ ತುಂಬಾ ಇಷ್ಟ, ಮೇಡಂ..."

"ಮೇಡಂ ಅಂತೆ!" ಅವಳ ದನಿ ನಡುಗಿತು. "ಅಷ್ಟೊಂದು ಫೋಟೋ ಕೆಳಗೆ ನನ್ನ ಹೆಸರಿದೆ. ಇಷ್ಟೆಲ್ಲ ಓದಿದೋರಿಗೆ ಅದೊಂದು ಓದೋಕೆ ಬರಲ್ವಾ?"

ಅವನು ಓದಿದ. ಪರದೆ ನೋಡಲಿಲ್ಲ, ಅವಳನ್ನೇ ನೋಡುತ್ತಾ, ಮೆತ್ತಗೆ, ಒಂದೊಂದೇ ಅಕ್ಷರ.

"ಇನ್ನೊಂದು ಸಲ," ಅಂದಳು ಅವಳು.